ಆರು ಇಂಚು ಗಿಡ್ಡ

ಮೇ ೩, ಶನಿವಾರ

ಇಂದು ಬೆಳಿಗ್ಗೆ ಹತ್ತೂಕಾಲಿಗೆ ನಮ್ಮ ಮನೆಯ ನಡುಹಾದಿಯ ದೀಪ ಅಕಾಲಿಕ ಮರಣಕ್ಕೆ ತುತ್ತಾಯಿತು. ಈ ವರ್ಷ ಇದು ಎರಡನೆಯದು. ಎಣ್ಣೆ ಹಚ್ಚಲೆಂದು ರೈಫಲ್ಲನ್ನು ಕೋಣೆಯಿಂದ ಅಡುಗೆಮನೆಗೆ ಒಯ್ಯುತ್ತಿದ್ದೆ. ನನ್ನ ರೈಫಲ್ ತುದಿಯಿಂದ ತುದಿಗೆ ನಲವತ್ತನಾಲ್ಕು ಇಂಚು. ನಡುಹಾದಿಯ ಅಗಲ ನಲವತ್ತೆರಡು. ತಪ್ಪು ಯಾರದೆಂದು ಅಳತೆಪಟ್ಟಿಯೇ ಹೇಳುತ್ತದೆ: ಮನೆ ಕಟ್ಟಿದವನದು.

ಆರ್ಲಿಸ್ ಪೊರಕೆ ತಂದಳು. ಮದುವೆಯಾಗಿ ನಲವತ್ತೊಂದು ವರ್ಷವಾದ ಹೆಂಡತಿಗೆ ಬೈಯುವ ಅಗತ್ಯವೇ ಇರುವುದಿಲ್ಲ, ಪೊರಕೆ ಹಿಡಿದು ನಿಂತರೆ ಸಾಕು. ಆದರೂ ಹೇಳಿದಳು: "ಲೀಲಂಡ್, ಇನ್ಮೇಲೆ ಇದು ಒಳಗೆ ಮಲಗ್ಲಿ, ನೀನು ಕೊಟ್ಟಿಗೇಲಿ ಮಲ್ಕೋ. ನಿನ್ನನ್ನಾದ್ರೆ ಮಡಚಬೋದು."

ಮಡಚಲಾಗದ್ದೇ ಅದರ ಹಿರಿಮೆ. ಸೈನ್ಯದ ಎಂ-೧೪ ರೈಫಲ್ಲಿಗೆ ಯುದ್ಧಕ್ಕೆ ಹೋಗದ ತಮ್ಮನೊಬ್ಬನಿದ್ದರೆ ಅವನೇ ಇದು. ಒಂದು ಸಲ ಕುದುರೆ ಎಳೆದರೆ ಒಂದೇ ಗುಂಡು. ಖಾಲಿ ತೋಟಾವನ್ನು ತಾನೇ ಉಗುಳಿ, ಹೊಸದನ್ನು ತಾನೇ ಬಾಯಿಗಿಟ್ಟುಕೊಂಡು, ಮುಂದಿನ ಅಪ್ಪಣೆಗೆ ಕಾಯುತ್ತದೆ. ಇಷ್ಟು ವಿಧೇಯವಾದದ್ದು ಈ ಮನೆಯಲ್ಲಿ ಇನ್ನೊಂದಿಲ್ಲ. ಆಕ್ರೋಟು ಮರದ ಬೆನ್ನು, ಇಪ್ಪತ್ತೆರಡು ಇಂಚಿನ ನಳಿಗೆ. ಮೂವತ್ತು ವರ್ಷದಿಂದ ಎಣ್ಣೆ ತಿಕ್ಕುತ್ತಿದ್ದೇನೆ, ಈಗಲೂ ಕೈಗೆತ್ತಿಕೊಂಡಾಗ ಒಂದು ಕ್ಷಣ ಟೋಪಿ ತೆಗೆಯಬೇಕೆನ್ನಿಸುತ್ತದೆ.

ಜುಲೈ ಹನ್ನೆರಡಕ್ಕೆ ನಮ್ಮ ಗುರಿ ಹೊಡೆಯುವ ಕ್ಲಬ್ಬಿನ ಆಯ್ಕೆ. ರಾಜ್ಯದ ಪಂದ್ಯಕ್ಕೆ ಹೋಗುವ ತಂಡದಲ್ಲಿ ನಾಲ್ವರು. ನಾಲ್ಕನೆಯ ಜಾಗ ಇಪ್ಪತ್ತೇಳು ವರ್ಷದಿಂದ ನನ್ನದು. ಅಂಚೆಪೆಟ್ಟಿಗೆಯ ಮೇಲೆ ಹೆಸರಿದ್ದ ಹಾಗೆ, ಯಾರೂ ಓದುವುದಿಲ್ಲ, ಯಾರೂ ಅಳಿಸುವುದೂ ಇಲ್ಲ.

ಮೇ ೪, ಭಾನುವಾರ

ಚರ್ಚಿನಿಂದ ಬಂದು ಕಾಫಿ ಸೋಸುವಷ್ಟರಲ್ಲಿ ನನ್ನ ಭಾಮೈದ ವೆಂಡೆಲ್ ಹಾಜರಾದ. ಆರ್ಲಿಸ್‌ಳ ಒಬ್ಬನೇ ತಮ್ಮ, ಐವತ್ನಾಲ್ಕು ವಯಸ್ಸು. ಚಳಿಗಾಲದಲ್ಲಿ ಕೌಂಟಿಯ ರಸ್ತೆಗಳ ಹಿಮ ತಳ್ಳುತ್ತಾನೆ, ಬೇಸಿಗೆಯಲ್ಲಿ ನನ್ನ ತಾಳ್ಮೆಯನ್ನು. ಕಂಕುಳಲ್ಲಿ ಒಂದು ಚೀಲ. ಅಷ್ಟು ಚಿಕ್ಕ ಚೀಲದಲ್ಲಿ ಟ್ರಂಪೆಟ್ ಇರಬಹುದೆಂದುಕೊಂಡೆ. ಮೇಜಿನ ಮೇಲೆ ಬಿಚ್ಚಿದ.

ನನ್ನ ರೈಫಲ್ಲೇ. ಅದೇ ಕುದುರೆ, ಅದೇ ಹೊಟ್ಟೆ, ಅದೇ ತೋಟಾ. ಆದರೆ ನಳಿಗೆ ಹದಿನಾರೇ ಇಂಚು. ಮರದ ಬದಲು ಕಪ್ಪು ಪ್ಲಾಸ್ಟಿಕ್. ತುದಿಯಲ್ಲಿ ತೂತು ತೂತಾದ ಒಂದು ದಪ್ಪ ಮೂತಿ.

"ಇದಕ್ಕೇನಾಯ್ತು, ಒಗೆದಾಗ ಕುಗ್ಗಿತಾ?" ಅಂದೆ.

"ಭಾವ, ಇದು ಕಾರಿನಿಂದ ಇಳಿಯೋರ ರೈಫಲ್ಲು. ನಿಂದು ಕುದುರೆಯಿಂದ ಇಳಿಯೋರದ್ದು."

"ಆರು ಇಂಚು ಕತ್ತರಿಸಿದ್ದಾರೆ. ಆ ಆರು ಇಂಚಲ್ಲೇ ಗುಂಡು ಬುದ್ಧಿ ಕಲಿಯೋದು. ನಿನ್ನದು ಶಾಲೆ ಬಿಟ್ಟ ಗುಂಡು."

"ಸೆಕೆಂಡಿಗೆ ನೂರೈವತ್ತು ಅಡಿ ನಿಧಾನ, ಅಷ್ಟೇ. ಎರಡೂವರೆ ಸಾವಿರದಲ್ಲಿ ನೂರೈವತ್ತು. ನಿಂಗೆ ತೂತಲ್ಲಿ ವ್ಯತ್ಯಾಸ ಕಾಣತ್ತಾ?"

"ನಂಗೆ ನಿನ್ನಲ್ಲಿ ಕಾಣತ್ತೆ."

ಆರ್ಲಿಸ್ ಅದನ್ನು ಎತ್ತಿ, ಖಾಲಿಯಿದೆಯೇ ನೋಡಿ, ಕಿಟಕಿಯ ಕಡೆ ತಿರುಗಿ, ಬಾಗಿಲ ಕಡೆ ತಿರುಗಿ, ಮತ್ತೆ ಮೇಜಿನ ಮೇಲಿಟ್ಟಳು. "ಏನೂ ಒಡೀಲಿಲ್ಲ," ಅಂದಳು. ಒಡಹುಟ್ಟಿದವರ ಪಿತೂರಿ.

ಹೊರಡುವಾಗ ಹೇಳಿದ: ಜುಲೈ ಆಯ್ಕೆಗೆ ಹೆಸರು ಕೊಟ್ಟಿದ್ದಾನಂತೆ. ಮೊದಲ ಮೂವರನ್ನು ಮುಟ್ಟಲು ಯಾರಿಗೂ ಆಗುವುದಿಲ್ಲವೆಂಬುದು ಊರಿಗೇ ಗೊತ್ತು. ಉಳಿದದ್ದು ಯಾವ ಜಾಗವೆಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇನ್ನೊಂದು ತುಂಡು ಕೇಕ್ ಕೊಟ್ಟೆ. ಶತ್ರುವಾದರೂ ಹೆಂಡತಿಯ ಕಡೆಯವನು.

ಮೇ ೧೭, ಶನಿವಾರ

ವೆಂಡೆಲ್‌ನ ಗಿಡ್ಡ ಇಂದು ಕ್ಲಬ್ಬಿನ ಮೈದಾನದಲ್ಲಿ ಬಾಯಿ ತೆರೆಯಿತು. ನಾನು ಅದರ ಎಡಕ್ಕೆ ಮಲಗಿದ್ದೆ.

ಸತ್ಯವನ್ನಷ್ಟೇ ಬರೆಯುತ್ತೇನೆ. ಉದ್ದ ನಳಿಗೆಯಲ್ಲಿ ಮದ್ದು ಒಳಗೇ ಉರಿದು ಮುಗಿಯುತ್ತದೆ. ಗಿಡ್ಡ ನಳಿಗೆಯಲ್ಲಿ ಮುಗಿಯದೆ ಉಳಿದದ್ದು ಹೊರಗೆ ಬಂದು ಉರಿಯುತ್ತದೆ, ಊರವರ ಎದುರಿಗೇ. ಕಿತ್ತಳೆ ಬಣ್ಣದ ಒಂದು ಗೋಳ ನನ್ನ ಬಲಗೆನ್ನೆಯ ಪಕ್ಕ ಹುಟ್ಟಿ ಸತ್ತಿತು. ಎದೆಯ ಮೇಲೆ ಯಾರೋ ಅಂಗೈ ಇಟ್ಟು ತಳ್ಳಿದ ಹಾಗಾಯಿತು. ಕಿವಿಗೆ ಮುಚ್ಚಳವಿದ್ದರೂ ಹಲ್ಲುಗಳಲ್ಲಿ ಕೇಳಿಸಿತು. ನನ್ನ ಟೋಪಿ ಹಾರಿ ಸಾಲಿನಲ್ಲಿ ಮೂರನೆಯವನ ಬೆನ್ನ ಮೇಲೆ ಕೂತಿತು. ನೆಲದ ದೂಳೆಲ್ಲ ಎದ್ದು ನಿಂತು, ಏನು ಸಮಾಚಾರ ಎಂದು ನೋಡಿ, ನಿಧಾನವಾಗಿ ನನ್ನ ಕಾಫಿಯೊಳಗೆ ಇಳಿಯಿತು.

"ಹೇಗಿತ್ತು ಭಾವ?"

"ಏನು ಹೇಗಿತ್ತು?" ಅಂದೆ. "ನೀನು ಶುರು ಮಾಡಿದ್ಯಾ?"

ಇದು ಬಾಯಿಮಾತು. ದಿನಚರಿಗೆ ಸುಳ್ಳು ಹೇಳಿ ಏನು ಸುಖ? ಚಿಕ್ಕಂದಿನಲ್ಲಿ ನಮ್ಮ ಧಾನ್ಯದ ಗೋದಾಮಿನ ಮೇಲೆ ಸಿಡಿಲು ಬಿದ್ದದ್ದನ್ನು ಕಂಡ ಮೇಲೆ ಇಂಥದ್ದನ್ನು ನಾನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಅವನು ಇಪ್ಪತ್ತು ಸಲ ಹೊಡೆದ. ಇಪ್ಪತ್ತು ಸಲವೂ ನಾನು ನನ್ನ ಗುರಿ ಬಿಟ್ಟು ಆ ಬೆಂಕಿಗೆ ಕಾದೆ. ನನ್ನ ಅಂಕ ಇಳಿದದ್ದು ಅದಕ್ಕೇ.

ಜೂನ್ ೧, ಭಾನುವಾರ

ವಾರಪತ್ರಿಕೆಯವರು ಅಕ್ಷರಗಳನ್ನು ಮತ್ತೆ ಚಿಕ್ಕದು ಮಾಡಿದ್ದಾರೆ. ಬೀದಿದೀಪಗಳಿಗೂ ಏನೋ ಹೊಸ ಬಲ್ಬು ಹಾಕಿರಬೇಕು, ಪ್ರತಿಯೊಂದರ ಸುತ್ತಲೂ ಒಂದು ಬಳೆ. ಲೋಕ ಹಾಳಾಗುವುದು ಒಮ್ಮೆಲೇ ಅಲ್ಲ, ಹೀಗೆ ಚೂರುಚೂರಾಗಿ.

ಜೂನ್ ೭, ಶನಿವಾರ

ಇಂದು ನನ್ನದು ಕಂದಕದ ಪಾಳಿ. ಕ್ಲಬ್ಬಿನಲ್ಲಿ ಎಲ್ಲರೂ ಸರದಿಯಂತೆ ಮಾಡಬೇಕಾದ ಸೇವೆ: ಆರುನೂರು ಗಜದಾಚೆ, ಆಳದ ಕಂದಕದ ಗೋಡೆಗೆ ಬೆನ್ನು ಕೊಟ್ಟು ಕೂರುವುದು, ತಲೆಯ ಮೇಲಿನ ಗುರಿಗೆ ಗುಂಡು ಬಿದ್ದರೆ ಚೌಕಟ್ಟನ್ನು ಕೆಳಗೆಳೆದು, ತೂತಿಗೆ ಬಿಳಿ ಬಿಲ್ಲೆ ಸಿಕ್ಕಿಸಿ, ಮತ್ತೆ ಮೇಲೆ ತಳ್ಳುವುದು.

ಎಷ್ಟು ವರ್ಷ ಕೂತರೂ ಇದೊಂದು ಹಳೆಯದಾಗುವುದಿಲ್ಲ. ಮೊದಲು ತಲೆಯ ಮೇಲೆ ಗಾಳಿ ಸೀಳಿದ ಸದ್ದು, ಒಣ ಹಲಗೆ ಮುರಿದ ಹಾಗೆ. ಗುರಿಯಲ್ಲಿ ಆಗಲೇ ತೂತು. ಅದಾದ ಮೇಲೆ, ದೂರದಿಂದ, ತಡವಾಗಿ, ರೈಫಲ್ ಸಿಡಿದ ಗುದ್ದು. ಬಂದು ಹೋದ ಮೇಲೆ ಹೊರಟ ಸದ್ದು ಬರುತ್ತದೆ. ಸೃಷ್ಟಿಯ ನಿಯಮ ತಲೆಕೆಳಗಾದ ಜಾಗದಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತ ಕೂತಿರುತ್ತೇವೆ.

ಜೊತೆಯಲ್ಲಿ ಓರ್ಫಾ ಇದ್ದಳು. ಎಪ್ಪತ್ತೆರಡು ವಯಸ್ಸು, ನಮ್ಮ ತಂಡದ ನಾಯಕಿ, ಶಾಲೆಯ ಅಡುಗೆಮನೆಯನ್ನು ಮೂವತ್ತು ವರ್ಷ ಆಳಿದವಳು. ಆಕೆಯ ಮುಂದೆ ಬಾಯಿ ಜಾರಿತು: ಉದ್ದದ್ದು ಯಾವುದು, ಗಿಡ್ಡದ್ದು ಯಾವುದು ಎಂದು ಸೀಳಿದ ಸದ್ದಿನಲ್ಲೇ ಹೇಳಬಲ್ಲೆ ಅಂದುಬಿಟ್ಟೆ.

"ಹೌದಾಪ್ಪ?" ಎಂದವಳೇ ಫೋನಿನಲ್ಲಿ ಆ ಕಡೆಯವರಿಗೆ ಹೇಳಿದಳು: ಲೀಲಂಡ್‌ನ ಉದ್ದದ್ದನ್ನೂ ವೆಂಡೆಲ್‌ನ ಗಿಡ್ಡದ್ದನ್ನೂ ಮನಸ್ಸಿಗೆ ಬಂದ ಸರದಿಯಲ್ಲಿ ಇಪ್ಪತ್ತು ಸಲ ಹೊಡೀರಿ, ಬರೆದಿಟ್ಟುಕೊಳ್ಳಿ. ದೂರದ ಗುದ್ದಿನಿಂದ ಸುಳಿವು ಸಿಗಬಾರದೆಂದು ಸೀಳಿದ ಸದ್ದು ಕೇಳಿದ ತಕ್ಷಣ ನಾನು ಕೈಯಿಂದ ಕಿವಿ ಮುಚ್ಚಿಕೊಳ್ಳುವಂತೆ ಮಾಡಿದಳು. ನಾನು ಕಣ್ಣು ಮುಚ್ಚಿ, ಗಂಭೀರವಾಗಿ, ಉದ್ದ, ಗಿಡ್ಡ, ಗಿಡ್ಡ, ಉದ್ದ ಎಂದು ತೀರ್ಪು ಕೊಟ್ಟೆ.

ಹನ್ನೊಂದು ಸರಿ. ನಾಣ್ಯ ಚಿಮ್ಮಿದ್ದರೆ ಹತ್ತು ಬರುತ್ತಿತ್ತು. ನನ್ನ ಮೂವತ್ತು ವರ್ಷದ ಪರಿಣತಿಯ ಬೆಲೆ ಒಂದು.

"ಒಂದಾದ್ರೂ ಬಂತಲ್ಲ," ಅಂದಳು ಓರ್ಫಾ. "ಉಪ್ಪಿನಕಾಯಿ ಬೇಕಾ?"

ಜೂನ್ ೨೧, ಶನಿವಾರ

ವೆಂಡೆಲ್ ಮೀನು ಹಿಡಿಯಲು ಹೋಗುವಾಗ ಗಿಡ್ಡವನ್ನು ನಮ್ಮ ಮನೆಯ ಕಬ್ಬಿಣದ ಕಪಾಟಿನಲ್ಲಿಟ್ಟು ಹೋದ. "ಮುಟ್ಟಬೇಡ ಭಾವ, ಅಭ್ಯಾಸ ಆಗ್ಬಿಡತ್ತೆ," ಅಂದ.

ಮುಟ್ಟಿದ್ದು ಕುತೂಹಲದಿಂದಲ್ಲ, ತೇವ ತಗುಲಿದೆಯೇ ಎಂದು ನೋಡಲು. ಖಾಲಿ ಎಂದು ಎರಡು ಸಲ ಖಚಿತಪಡಿಸಿಕೊಂಡೆ. ಭುಜಕ್ಕೆ ತಾನಾಗಿಯೇ ಬಂತು. ಎತ್ತಿದ ನೆನಪಿಲ್ಲ, ಅಲ್ಲಿತ್ತು. ನನ್ನದನ್ನು ಭುಜಕ್ಕೆ ತರುವುದೆಂದರೆ ಏಣಿ ಎತ್ತಿ ಗೋಡೆಗೆ ಒರಗಿಸಿದ ಹಾಗೆ. ನಡುಹಾದಿಗೆ ಹೋಗಿ ಪೂರ್ತಿ ಒಂದು ಸುತ್ತು ತಿರುಗಿದೆ. ಎರಡೂ ಗೋಡೆಗಳು ಸಭ್ಯವಾಗಿ ದೂರ ನಿಂತಿದ್ದವು. ಇನ್ನೊಂದು ಸುತ್ತು ತಿರುಗಿದೆ. ಹದಿನಾರು ಇಂಚಿನಲ್ಲಿ ಅಷ್ಟೂ ಅಡಕವಾಗಿದೆಯಲ್ಲ, ಆ ಸಿಡಿಲಷ್ಟೂ.

ಮೂರನೇ ಸುತ್ತಿಗೆ ಆರ್ಲಿಸ್ ಕಂಡಳು. ಒಗೆದ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ.

"ಸಂಗೀತ ಹಾಕ್ಲಾ?" ಅಂದಳು.

ದೋಷವಿಲ್ಲದೆ ಇಲ್ಲ. ಗುರಿ ನೋಡುವ ಮುಂದಿನ ಕಡ್ಡಿ ಕಣ್ಣಿಗೆ ಆರು ಇಂಚು ಹತ್ತಿರ ಬರುವುದರಿಂದ ಮಸುಕಾಗಿ, ಮೀಸೆ ಬೆಳೆದ ಹಾಗೆ ಕಾಣುತ್ತದೆ. ಹೋಲಿಕೆಗೆಂದು ನನ್ನದನ್ನೂ ತೆಗೆದು ನೋಡಿದೆ. ಅದಕ್ಕೂ ಸ್ವಲ್ಪ ಮೀಸೆ ಬಂದಿದೆ. ಎಣ್ಣೆ ಜಾಸ್ತಿಯಾಗಿರಬೇಕು. ಒರೆಸಿದೆ, ಹೋಗಲಿಲ್ಲ.

ಜುಲೈ ೫, ಶನಿವಾರ

ಕೊನೆಯ ಅಭ್ಯಾಸ. ಆರುನೂರು ಗಜದಲ್ಲಿ ಗುರಿಗಳ ಕೆಳಗಿನ ನಂಬರು ಹಲಗೆಗಳಿಗೆ ಈ ವರ್ಷ ಯಾರೋ ನೀರು ಬೆರೆಸಿದ ಬಣ್ಣ ಬಳಿದಿದ್ದಾರೆ. ನಾಲ್ಕು, ಐದು ಎರಡೂ ಅಣ್ಣತಮ್ಮಂದಿರ ಹಾಗಿವೆ. ಕ್ಲಬ್ಬಿಗೆ ಕಾಗದ ಬರೆಯಬೇಕು.

ಜುಲೈ ೧೨, ಶನಿವಾರ

ಮೊದಲು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಆಮೇಲೆ ಬೇಕಾದರೆ ಅಳಬಹುದು.

ಇನ್ನೂರು, ಮುನ್ನೂರು ಗಜಗಳು ಮುಗಿದಾಗ ನಾನು ವೆಂಡೆಲ್‌ಗಿಂತ ಮುಂದಿದ್ದೆ. ಆರುನೂರಕ್ಕೆ ಬಂದಾಗ ನನಗೆ ನಾಲ್ಕನೇ ಗುರಿ, ಪಕ್ಕದಲ್ಲೇ ಅವನಿಗೆ ಐದು. ಇಪ್ಪತ್ತು ಗುಂಡು, ಒಂದಕ್ಕೆ ಹೆಚ್ಚೆಂದರೆ ಹತ್ತು ಅಂಕ. ಹದಿಮೂರರವರೆಗೆ ಎಲ್ಲವೂ ಲಕ್ಷಣವಾಗಿತ್ತು.

ಹದಿನಾಲ್ಕನೆಯದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಉಸಿರು ಅರ್ಧಕ್ಕೆ ನಿಂತಿತು, ಎದೆಬಡಿತಗಳ ನಡುವೆ ಒಂದು ಖಾಲಿ ಜಾಗ ತೆರೆಯಿತು, ಬೆರಳಿಗೆ ಹೇಳುವ ಮೊದಲೇ ಕುದುರೆ ಬಿಟ್ಟಿತು. ಇಂಥ ಹೊಡೆತ ಆಯುಷ್ಯದಲ್ಲಿ ನಾಲ್ಕೋ ಐದೋ. ಗುಂಡು ನಟ್ಟನಡುವೆ ಬಿತ್ತೆಂದು ಮೈಗೇ ಗೊತ್ತಾಯಿತು. ಅದೇ ಕ್ಷಣಕ್ಕೆ ಪಕ್ಕದಲ್ಲಿ ಗಿಡ್ಡವೂ ಸಿಡಿಯಿತು.

ನಾಲ್ಕನೇ ಗುರಿ ಕದಲಲಿಲ್ಲ.

"ಕಂದಕದೋರು ನಿದ್ದೆ ಹೊಡೀತಿದ್ದಾರೆ," ಅಂದೆ. ಓರ್ಫಾ ಫೋನ್ ಮಾಡಿದಳು. ನಾಲ್ಕು ಕೆಳಗೆ ಹೋಯಿತು, ಹುಡುಕಿದರು, ಮೇಲೆ ಬಂತು. ಬಿಲ್ಲೆ ಬರಲಿಲ್ಲ, ಕೆಂಪು ಬಾವುಟ ಬಂದು ಆ ಕಡೆಯಿಂದ ಈ ಕಡೆಗೆ ಬೀಸಿತು: ಗುಂಡು ಮುಟ್ಟಿಲ್ಲ. ಆಮೇಲೆ ಫೋನ್ ಹಿಡಿದ ಓರ್ಫಾ ನಿಧಾನವಾಗಿ ಹೇಳಿದಳು: "ಐದನೇ ಗುರೀಲಿ ಎರಡು ತೂತಿದೆಯಂತೆ. ಒಂದು ಎಂಟರ ಮನೇಲಿ. ಇನ್ನೊಂದು ನಟ್ಟನಡುವೆ."

ಪಕ್ಕದವನ ಗುರಿಗೆ ಹೊಡೆಯುವುದು ನಮ್ಮಲ್ಲಿ ಎಲ್ಲರಿಗೂ ಒಮ್ಮೆಯಾದರೂ ಆಗಿರುವ ಅವಮಾನ. ಅದಕ್ಕೇ ಯಾರೂ ನಗುವುದಿಲ್ಲ, ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಾರೆ.

"ಆ ನಂಬರು ಹಲಗೆ ಬಣ್ಣ..." ಎಂದು ಶುರು ಮಾಡಿದೆ.

"ನಾನೇ ಬಳ್ದಿದ್ದು," ಅಂದಳು ಓರ್ಫಾ. "ಮೇ ತಿಂಗಳಲ್ಲಿ. ಎರಡು ಕೈ."

ವೆಂಡೆಲ್ ಎದ್ದು ಕೂತಿದ್ದ. "ಎಂಟು ನಂದು, ಓರ್ಫಾ. ಎಳೆಯುವಾಗ್ಲೇ ಬಲಕ್ಕೆ ಜಾರಿದ್ದು ನಂಗೊತ್ತು. ನಡುವಿಂದು ಭಾವಂದು. ನಂಗೆ ಎಂಟು ಬರ್ಕೊಳ್ಳಿ."

"ನಿಂಗೊತ್ತಿರೋದನ್ನ ಕಾಯ್ದೆ ಕೇಳಲ್ಲ. ಒಂದು ಗುರಿಗೆ ಎರಡು ಬಿದ್ರೆ ದೊಡ್ಡದು ಗುರಿ ಯಾರದೋ ಅವರಿಗೆ. ತಪ್ಪಿ ಹೊಡೆದೋರಿಗೆ ಸೊನ್ನೆ. ಹತ್ತು ಬರ್ಕೊಳಪ್ಪ."

"ಅದು ನ್ಯಾಯ ಅಲ್ಲ."

"ನ್ಯಾಯ ಅಂತ ಯಾರಂದ್ರು, ಕಾಯ್ದೆ ಅಂದೆ."

ಕೊನೆಗೆ: ವೆಂಡೆಲ್ ನಾನೂರ ಎಪ್ಪತ್ನಾಲ್ಕು, ನಾನು ನಾನೂರ ಅರವತ್ತೆಂಟು. ನನ್ನ ಹತ್ತು ನನಗೆ, ಅವನ ಎಂಟು ಅವನಿಗೆ ಸಿಕ್ಕಿದ್ದರೆ ನಾನು ನಾನೂರ ಎಪ್ಪತ್ತೆಂಟು, ಅವನು ಎಪ್ಪತ್ತೆರಡು. ಕೂಡಿ ಕಳೆದು ಮೂರು ಸಲ ನೋಡಿದೆ. ನನ್ನ ಜೀವಮಾನದ ಅತಿ ಸುಂದರ ಹೊಡೆತ ನನ್ನ ಭಾಮೈದನನ್ನು ನನ್ನ ಜಾಗಕ್ಕೆ ಕೂರಿಸಿದೆ.

ಕಂದಕದಿಂದ ಬಂದವನು ಆ ತೂತಿರುವ ಕಾಗದದ ತುಂಡನ್ನು ಕತ್ತರಿಸಿ ತಂದು ಕೊಟ್ಟ. ನಡುಬಿಂದುವಿನ ಮೇಲೆ ಕೈವಾರವಿಟ್ಟು ಕೊರೆದ ಹಾಗಿದೆ. ನೋಡುತ್ತಲೇ ಇದ್ದೆ. ಇಂಥದ್ದನ್ನು ಮನುಷ್ಯ ಮಾಡಬಲ್ಲ. ಪಕ್ಕದ ಮನೆಗೆ ಮಾಡಿದರೂ.

ಜುಲೈ ೧೩, ಭಾನುವಾರ

ಬರೆಯುವುದೇನಿಲ್ಲ.

ಜುಲೈ ೧೯, ಶನಿವಾರ

ನಮ್ಮ ಕ್ಲಬ್ಬಿನ ಕಟ್ಟಳೆ: ಯಾರ ಗುರಿಗೆ ಹೊಡೆದರೋ ಅವರಿಗೆ ತನ್ನ ಕೈಯಾರೆ ಸಿಹಿ ಹೂರಣ ತುಂಬಿದ ಒಂದು ಪೈ ಮಾಡಿ, ಅವರ ಮನೆಗೆ ಒಯ್ದು, ಜೊತೆಯಲ್ಲಿ ಕೂತು ತಿನ್ನಬೇಕು. ಹೆಂಡತಿ ಸೌಟು ಮುಟ್ಟುವಂತಿಲ್ಲ. ಏಳು ದಿನದ ಗಡುವು. ನಾನು ಏಳನೆಯ ದಿನದವರೆಗೆ ಕಾದೆ.

ಹಿತ್ತಲಿನ ಹುಳಿಹುಳಿ ರೂಬಾರ್ಬ್ ದಂಟು ಕೊಯ್ದು ತಂದೆ. ಅತ್ತೆಯವರ ಕೈಬರಹದ ಚೀಟಿಯನ್ನು ಡಬ್ಬಿಯಿಂದ ತೆಗೆದೆ. ಅತ್ತೆಯವರ ಕೈಬರಹ ವರ್ಷದಿಂದ ವರ್ಷಕ್ಕೆ ಕೆಡುತ್ತಿದೆ. ಅವರು ತೀರಿಕೊಂಡು ಹದಿನೈದು ವರ್ಷವಾಯಿತು, ಆದರೂ ಕೆಡುತ್ತಲೇ ಇದೆ. ಸಕ್ಕರೆ ಕಾಲು ಬಟ್ಟಲು ಎಂದು ಓದಿದೆ, ಕಾಲೇ ಬಟ್ಟಲು ಹಾಕಿದೆ.

ಬಾಗಿಲು ತೆರೆದ ವೆಂಡೆಲ್ ಮೊದಲು ಪೈ ನೋಡಿದ, ಆಮೇಲೆ ನನ್ನ ಮುಖ. ಇಬ್ಬರೂ ಕೂತೆವು. ಒಂದು ಚಮಚ ಬಾಯಿಗಿಟ್ಟ. ಅವನ ಎಡಗಣ್ಣು ಮುಚ್ಚಿತು. ಬಲಗಣ್ಣು ಸ್ವಲ್ಪ ಹೊತ್ತು ಒಂಟಿಯಾಗಿ ಹೋರಾಡಿ ಅದೂ ಮುಚ್ಚಿತು. ಆದರೂ ನುಂಗಿದ. ಎರಡನೆಯ ಚಮಚವನ್ನೂ ತೆಗೆದುಕೊಂಡ. ತುಂಡನ್ನು ಪೂರ್ತಿ ಮುಗಿಸಿ ತಟ್ಟೆಯನ್ನು ಫೋರ್ಕಿನಿಂದ ಗೀರಿದ. ಹಿಮಗಾಳಿಯಲ್ಲಿ ಹದಿನಾರು ಗಂಟೆ ಗಾಡಿ ಓಡಿಸಿದ ಗಂಡಸು. ಅವನ ಎದೆಗಾರಿಕೆ ಏನೆಂದು ಇವತ್ತು ಕಂಡೆ.

"ಅಮ್ಮನ ಚೀಟಿ ನೋಡಿ ಮಾಡಿದ್ಯಾ?" ಅಂದ.

"ಹೂಂ. ಕಾಲು ಬಟ್ಟಲು ಸಕ್ಕರೆ."

"ಒಂದೂಕಾಲು, ಭಾವ." ಬಹಳ ಮೆತ್ತಗೆ ಹೇಳಿದ. ಅವನು ಮೆತ್ತಗೆ ಹೇಳಿದ್ದು ನನಗೆ ಹಿಡಿಸಲಿಲ್ಲ. ತಮಾಷೆ ಮಾಡಿದ್ದರೆ ಚೆನ್ನಾಗಿತ್ತು. "ಆ ಒಂದು ಎಷ್ಟು ದೊಡ್ಡದಿದೆ ಅಂದ್ರೆ, ನಾನು ಮೇಜಿನಾಚೆಯಿಂದ ಓದ್ತಿದ್ದೆ."

ಮನೆಗೆ ಬಂದರೆ ಆರ್ಲಿಸ್ ಕ್ಯಾಲೆಂಡರಿನ ಗುರುವಾರಕ್ಕೆ ಸುತ್ತು ಹಾಕಿದ್ದಳು.

ಜುಲೈ ೨೪, ಗುರುವಾರ

ಕಣ್ಣಿನ ಡಾಕ್ಟರಮ್ಮ ಬಹಳ ಚಿಕ್ಕವಳು. ಗಲ್ಲವನ್ನು ಒಂದು ತೊಟ್ಟಿಲಲ್ಲಿ ಇಡಿಸಿ ಬೆಳಕು ಬಿಟ್ಟು ನೋಡಿದಳು.

"ಎಷ್ಟು ದಿನದಿಂದ ಹೀಗಿದೆ?"

"ಹೇಗಿದೆ?" ಅಂದೆ.

"ಒಂದೂವರೆ ವರ್ಷದಿಂದ," ಅಂದಳು ಆರ್ಲಿಸ್.

ಬಲಗಣ್ಣಿಗೆ ಪೊರೆ. ಬಲಿತಿದೆ. ಹಾಲಿನ ಬಾಟಲಿಯ ಗಾಜಿನಿಂದ ನೋಡಿದ ಹಾಗೆ ಎಂದಳು. ಎಡಗಣ್ಣು ನನ್ನ ವಯಸ್ಸಿಗೆ ಅಚ್ಚರಿಯಷ್ಟು ಚೆನ್ನಾಗಿದೆಯಂತೆ. ಸೆಪ್ಟೆಂಬರ್ ಒಂಬತ್ತಕ್ಕೆ ಪೊರೆ ತೆಗೆಯುತ್ತಾರೆ. ಅಲ್ಲಿಯವರೆಗೆ ರೈಫಲ್ ಭುಜಕ್ಕೆ ಕೊಡುವಂತಿಲ್ಲ.

ಪತ್ರಿಕೆಯವರು, ಬೀದಿದೀಪದವರು, ಓರ್ಫಾಳ ಬಣ್ಣ, ಸ್ವರ್ಗಸ್ಥ ಅತ್ತೆ. ನಾಲ್ಕು ಕಡೆ ಕ್ಷಮೆ ಕೇಳಬೇಕು. ಪಟ್ಟಿ ಮಾಡಿದ್ದೇನೆ. ಆತುರವೇನಿಲ್ಲ.

ಗಾಡಿಯಲ್ಲಿ ಬರುವಾಗ ಅರ್ಧ ದಾರಿಯಲ್ಲಿ ಆರ್ಲಿಸ್, "ವೆಂಡೆಲ್ ಕೇಳ್ತಿದ್ದ, ತನ್ನ ಹಿಂದೆ ಕೂರ್ತೀಯಾ ಅಂತ," ಅಂದಳು. ಪಂದ್ಯದಲ್ಲಿ ಪ್ರತಿಯೊಬ್ಬ ಹೊಡೆಯುವವನ ಹಿಂದೆ ಗಾಳಿ ನೋಡಿ ಹೇಳಲು ಒಬ್ಬ ಕೂರುತ್ತಾನೆ, ದುರ್ಬೀನು ಹಿಡಿದು. "ಅದಕ್ಕೆ ಒಂದು ಕಣ್ಣು ಸಾಕಂತೆ."

"ದಯೆ ತೋರಿಸ್ತಿದ್ದಾನಾ?"

"ಅವನಾ? ನಿನ್ನ ಪೈ ತಿಂದು ಮೂರು ದಿನ ಹೊಟ್ಟೆ ಹಿಡ್ಕೊಂಡಿದ್ದ. ದಯೆ ಎಲ್ಲಿಂದ ಬರತ್ತೆ?"

ಆಗಸ್ಟ್ ೨, ಶನಿವಾರ

ವೆಂಡೆಲ್‌ನ ಹಿಂದೆ ಕೂತೆ. ದುರ್ಬೀನಿನಲ್ಲಿ ಬಿಸಿಲಿನ ಅಲೆ ಎಡದಿಂದ ಬಲಕ್ಕೆ ಹರಿಯುತ್ತಿತ್ತು, ತೊರೆಯಂತೆ. ಗುರಿ ಸರಿಸುವ ತಿರುಪಿನ ಲೆಕ್ಕವನ್ನು ಮೂವತ್ತು ವರ್ಷದ ಅನುಭವದಿಂದ ಹೇಳಿದೆ: "ಎರಡು ಗೆರೆ ಎಡಕ್ಕೆ."

ಬಲಕ್ಕೆ ಬಿತ್ತು, ಎಂಟು. ಇನ್ನೊಂದು ಸಲ ಎರಡು. ಮತ್ತೆ ಬಲಕ್ಕೆ.

"ಭಾವ," ಅಂದ ಮುಖ ತಿರುಗಿಸದೆ, "ನೀನು ನಿನ್ನ ರೈಫಲ್ಲಿಗೆ ಹೇಳ್ತಿದ್ದೀಯ. ಇಲ್ಲಿ ಮಲಗಿರೋದು ನಾನು."

ಹೌದು. ನಮ್ಮದು ನಿಧಾನದ ಗುಂಡು, ಗಾಳಿಯ ಕೈಗೆ ಹೆಚ್ಚು ಹೊತ್ತು ಸಿಕ್ಕುತ್ತದೆ. ಎರಡು ಎಂದು ಬಾಯಿಗೆ ಬಂದದ್ದನ್ನು ನುಂಗಿ ಎರಡೂವರೆ ಎಂದು ಹೇಳಬೇಕು. ಕಷ್ಟವಿದೆ, ಎಡಗೈಯಲ್ಲಿ ಸಹಿ ಹಾಕಿದ ಹಾಗೆ. ಹತ್ತು ಗುಂಡಾದ ಮೇಲೆ ಕೈಗೂಡಿತು. ಬೆಂಕಿಯ ಗೋಳ ಹಿಂದಿನಿಂದ ನೋಡಿದರೆ ಹೂವು ಅರಳಿದ ಹಾಗಿರುತ್ತದೆ, ನಡುವೆ ಕಪ್ಪು. ಪಕ್ಕದಲ್ಲಿ ಮಲಗಿದ ದಿನ ಇದು ಗೊತ್ತಿರಲಿಲ್ಲ.

ಆಗಸ್ಟ್ ೯, ಶನಿವಾರ

ನಮಗೆ ನೂರಾ ಎಂಬತ್ತೊಂಬತ್ತು, ಇನ್ನೂರಕ್ಕೆ. ಓರ್ಫಾ ಉಪ್ಪಿನಕಾಯಿ ಕೊಟ್ಟಳು, ನಾನು ಬಣ್ಣದ ಬಗ್ಗೆ ಕ್ಷಮೆ ಕೇಳಿದೆ. ಮೂರು ಬಾಕಿ.

ಆಗಸ್ಟ್ ೧೬, ಶನಿವಾರ

ರಾಜ್ಯದ ಪಂದ್ಯ. ಬೆಳಗಿನ ಜಾವ ಮಳೆ ಸುರಿದು ನಿಂತಿತ್ತು. ಗಾಳಿ ಒದ್ದೆಯಾಗಿ, ದಪ್ಪವಾಗಿ, ಕುಡಿಯಬಹುದಾದಷ್ಟು ಇತ್ತು. ಮಧ್ಯಾಹ್ನದ ಹೊತ್ತಿಗೆ ಸೂರ್ಯ ನಮ್ಮ ಬೆನ್ನಿಗೆ ಬಂದ. ನಮ್ಮ ನಾಲ್ವರಲ್ಲಿ ಮೂವರು ಮುಗಿಸಿದ್ದರು. ಕೊನೆಗೆ ವೆಂಡೆಲ್, ಆರುನೂರು ಗಜ. ಗುರಿಯ ನಂಬರನ್ನು ಪ್ರತಿ ಗುಂಡಿಗೂ ಗಟ್ಟಿಯಾಗಿ ಓದಿ ಹೇಳಿದೆ, "ಹನ್ನೊಂದು, ನಮ್ಮದು ಹನ್ನೊಂದು." ಅವನೂ ಪ್ರತಿ ಸಲ "ಹನ್ನೊಂದು" ಎಂದ, ಪ್ರಾರ್ಥನೆಗೆ ಉತ್ತರ ಕೊಟ್ಟ ಹಾಗೆ.

ಹತ್ತೊಂಬತ್ತು ಗುಂಡು ಹೋದವು. ಓರ್ಫಾ ನನ್ನ ಹಿಂದೆ ಬಗ್ಗಿ ಕಿವಿಯಲ್ಲಿ ಹೇಳಿದಳು: ಈ ಕೊನೆಯದು ಹತ್ತಾದರೆ ನಾವು ಮೂರನೆಯವರು, ಒಂಬತ್ತಾದರೆ ನಾಲ್ಕನೆಯವರು. ಹನ್ನೊಂದು ವರ್ಷದಿಂದ ನಮ್ಮ ಕ್ಲಬ್ಬು ಮೊದಲ ಮೂರರಲ್ಲಿ ಬಂದಿಲ್ಲ. ನನ್ನ ಜಾಗದಲ್ಲಿ ಮಲಗಿದವನ ಹಿಂದೆ ನಾನು ಕೂತಿದ್ದೆ. ನಾನು ತಪ್ಪು ಹೇಳಿದರೆ ತಪ್ಪು ಅವನ ಹೆಸರಿಗೆ ಬರುತ್ತಿತ್ತು. ಇಷ್ಟು ಹೆದರಿಕೆ ನಾನೇ ಹೊಡೆಯುವಾಗ ಎಂದೂ ಆಗಿರಲಿಲ್ಲ.

ಬಿಸಿಲಲೆ ನಿಂತಿತು, ಕುದಿಯಿತು, ಮತ್ತೆ ಹರಿಯತೊಡಗಿತು. ಈ ಸಲ ಬಲದಿಂದ ಎಡಕ್ಕೆ. ಗಾಳಿ ತೋರಿಸುವ ಧ್ವಜಗಳು ಇನ್ನೂ ಹಳೆಯ ಸುದ್ದಿಯನ್ನೇ ಹೇಳುತ್ತಿದ್ದವು.

"ಒಂದೂವರೆ ಬಲಕ್ಕೆ," ಅಂದೆ.

ಧ್ವಜ ನೋಡಿದರೆ ಯಾರೂ ನಂಬುವ ಮಾತಲ್ಲ. ಅವನು ಧ್ವಜ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ತಿರುಪನ್ನು ತಿರುಗಿಸಿದ. "ಹನ್ನೊಂದು," ಅಂದ.

ಹೂವು ಅರಳಿತು. ಆಗ ಅದನ್ನು ಕಂಡೆ.

ಗುಂಡು ಹೋಗುವುದನ್ನು ಕಂಡೆ. ಗುಂಡನ್ನಲ್ಲ, ಅದು ಸೀಳಿದ ಗಾಳಿಯನ್ನು: ಒದ್ದೆ ಹವೆಯಲ್ಲಿ ಗಾಜಿನ ಒಂದು ಸುಳಿ, ನೀರೊಳಗೆ ಮೀನು ಹೋದ ಗೆರೆಯಂತೆ, ದುರ್ಬೀನಿನ ವೃತ್ತದೊಳಗೆ ಏರಿತು, ಗುರಿಗಿಂತ ಎಷ್ಟೋ ಮೇಲಕ್ಕೆ, ತಪ್ಪಿತು ಎನ್ನುವಷ್ಟು ಮೇಲಕ್ಕೆ, ಅಲ್ಲಿ ತುದಿಯಲ್ಲಿ ಯೋಚಿಸುವ ಹಾಗೆ ನಿಧಾನವಾಯಿತು, ಆಮೇಲೆ ಗಾಳಿಗೆ ಒರಗಿ, ಎಡಕ್ಕೆ ಬಾಗಿ, ಇಳಿಯುತ್ತ, ಇಳಿಯುತ್ತ, ಕಪ್ಪು ವೃತ್ತದೊಳಗೆ ಕರಗಿ ಹೋಯಿತು. ಎಲ್ಲ ಸೇರಿ ಒಂದು ಸೆಕೆಂಡು ಆಗಿರಬಹುದು. ಹಳೆಯ ದುರ್ಬೀನುಗಾರರು ಹೇಳುವುದನ್ನು ಕೇಳಿದ್ದೆ, ಬಡಾಯಿ ಎಂದುಕೊಂಡಿದ್ದೆ. ಹೊಡೆಯುವವನಿಗೆ ಇದು ಎಂದೂ ಕಾಣುವುದಿಲ್ಲ. ರೈಫಲ್ ಒದ್ದ ಕ್ಷಣಕ್ಕೆ ಅವನ ಕಣ್ಣು ಎಲ್ಲೋ ಇರುತ್ತದೆ. ಮೂವತ್ತು ವರ್ಷ ಸಾವಿರಾರು ಗುಂಡುಗಳನ್ನು ಕಳಿಸಿದ್ದೇನೆ, ಒಂದನ್ನೂ ದಾರಿಯವರೆಗೆ ಬೀಳ್ಕೊಟ್ಟಿರಲಿಲ್ಲ.

ಓರ್ಫಾ ಆಮೇಲೆ ಹೇಳಿದಳು, ಉದ್ದ ನಳಿಗೆಯ ಗುಂಡಾದರೆ ಇಷ್ಟು ಸ್ಪಷ್ಟ ಕಾಣುವುದು ಅಪರೂಪವಂತೆ. ಅದು ಬೇಗ, ಅದರ ಕಮಾನು ತಗ್ಗು. ನಮ್ಮದು ಎತ್ತರಕ್ಕೆ ಹೋಗಿ, ಸಾವಕಾಶವಾಗಿ, ನೋಡುವವರಿಗೆ ಸಮಯ ಕೊಟ್ಟು ಬರುತ್ತದೆ.

"ಭಾವ, ಎಲ್ಲಿ?" ಅಂದ ವೆಂಡೆಲ್.

ಗುರಿ ಇನ್ನೂ ಕೆಳಗಿತ್ತು.

"ಭಾವ. ಮಾತಾಡು ಮಾರಾಯ. ಎಲ್ಲಿ ಬಿತ್ತು?"

"ಸುಮ್ನಿರು," ಅಂದೆ. "ನೋಡ್ತಿದ್ದೀನಿ."

ನೋಡಲು ಅಲ್ಲಿ ಏನೂ ಉಳಿದಿರಲಿಲ್ಲ. ಗುರಿ ಮೇಲೆ ಬಂತು, ಬಿಳಿ ಬಿಲ್ಲೆ ನಡುವಿನಲ್ಲಿತ್ತು, ಹಿಂದೆ ಯಾರೋ ಕೂಗಿದರು, ಆರ್ಲಿಸ್ ಇರಬೇಕು. ವೆಂಡೆಲ್ ನನ್ನ ಭುಜ ಹಿಡಿದು ಅಲ್ಲಾಡಿಸಿದ. ನಾನು ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ.

"ತೋಟಾ ಉಳಿದಿದೆಯಾ?" ಅಂದೆ.

"ಇದೆ. ಯಾಕೆ? ಮುಗೀತಲ್ಲ, ಮೂರನೇ ಜಾಗ ಬಂತಲ್ಲ."

"ನಾಳೆ ನಮ್ಮ ಮೈದಾನಕ್ಕೆ ಬೇಗ ಬಾ, ಇಬ್ಬನಿ ಆರೋ ಮುಂಚೆ. ನೀನು ಹೊಡಿ. ಅಂಕ ಬೇಡ, ಗುರಿಯೂ ಬೇಡ, ಮಣ್ಣಿನ ದಿಬ್ಬಕ್ಕೆ ಹೊಡೆದ್ರೂ ಸಾಕು."

"ನೀನೇನು ಮಾಡ್ತೀಯ?"

"ನೋಡ್ತೀನಿ," ಅಂದೆ.